ಪಿತ್ತದ ಹಸಿರು, ರಾಳದ ನೊರೆ

ಆಟಿ ತಿಂಗಳಲ್ಲಿ ಮಳೆ ಎರಡು ಗಂಟೆ ಬಿಡುವು ಕೊಟ್ಟರೂ ಸಾಕು, ಪೆರಾಬೆಯ ತೋಟಗಳಲ್ಲಿ ಪಂಪುಗಳು ಗುರುಗುಟ್ಟತೊಡಗುತ್ತವೆ. ಹಿಂದೆ ಪುತ್ತೂರಿಗೆ ಸೇರಿದ್ದ, ಈಗ ಕಡಬ ತಾಲೂಕಿನದಾಗಿರುವ ಊರು ಇದು. ಆಲಂಕಾರು, ಕುಂತೂರುಗಳ ನೆರೆ. ಗುಡ್ಡದ ಮೈಯಲ್ಲಿ ರಬ್ಬರು, ತಗ್ಗಿನಲ್ಲಿ ಅಡಿಕೆ. ಆಚೆಗೆ ಸುಬ್ರಹ್ಮಣ್ಯದ ಕಡೆಯಿಂದ ಕೆಂಪು ನೀರು ಹೊತ್ತು ಉಪ್ಪಿನಂಗಡಿಗೆ ಓಡುವ ಕುಮಾರಧಾರೆ. ಮಹಾಳಿ ರೋಗ ಬಂದು ಎಳೆ ಅಡಿಕೆ ಬುಡಬುಡನೆ ಉದುರುವ ಕಾಲ. ಮೊದಲ ಮದ್ದು ಬಿಟ್ಟು ನಲವತ್ತು ದಿನ ದಾಟಿದೆ, ಎರಡನೆಯದಕ್ಕೆ ಮಳೆ ದಾರಿ ಕೊಡಬೇಕು.

"ಒಂದು ಗಂಟೆ ಬಿಸಿಲು ಕಾದರೆ ಸಾಕು ಮಾರಾಯ್ರೆ, ಆಮೇಲೆ ಬೇಕಾದಷ್ಟು ಸುರಿಯಲಿ" ಎನ್ನುತ್ತ ಯಜಮಾನರು ಆಕಾಶ ನೋಡುತ್ತಾರೆ. ಅಂಗಳದ ಬದಿಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೋರ್ಡೋ ದ್ರಾವಣ ತಯಾರಾಗಿದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆಕಾಶದಲ್ಲಿಲ್ಲದ ನೀಲಿಯೆಲ್ಲ ಆ ಡ್ರಮ್ಮಿನಲ್ಲಿ. ಮದ್ದು ಬಿಡುವ ಹುಡುಗ ಕತ್ತಿಯ ತುದಿಯನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ನೋಡುತ್ತಾನೆ. ಕಬ್ಬಿಣದ ಮೇಲೆ ಕೆಂಪು ಕಲೆ ಹಿಡಿದಿದ್ದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಇಂದು ಕಲೆ ಇಲ್ಲ. "ಸರಿ ಉಂಟು ಅಣ್ಣ" ಎಂದು ಕತ್ತಿ ಒರೆಸುತ್ತಾನೆ.

ನನ್ನ ಕಣ್ಣು ಮಾತ್ರ ಪಕ್ಕದ ಒಲೆಯ ಮೇಲೆ. ಕರಿಹಿಡಿದ ಪಾತ್ರೆಯೊಂದರಲ್ಲಿ ವಾಷಿಂಗ್ ಸೋಡ ಹಾಕಿದ ನೀರು ಕುದಿಯುತ್ತಿದೆ. ಅದಕ್ಕೆ ಯಜಮಾನರು ಕುಟ್ಟಿದ ರಾಳ ಉದುರಿಸುತ್ತಿದ್ದಾರೆ. ರಾಳವೆಂದರೆ ಪೈನ್ ಮರದ ಅಂಟಿನಿಂದ ಎಣ್ಣೆ ಭಟ್ಟಿ ಇಳಿಸಿದ ಮೇಲೆ ಉಳಿಯುವ ಜೇನುಬಣ್ಣದ ಗಟ್ಟಿ. ಬರಿ ನೀರಿಗೆ ಹಾಕಿದರೆ ರಾಳದ ಹುಡಿ ತೇಲುತ್ತದೆ, ಕುದಿಸಿದರೆ ಮೆತ್ತಗಾಗಿ ಪಾತ್ರೆಯ ಅಂಚಿಗೆ ಮೆತ್ತಿಕೊಳ್ಳುತ್ತದೆ. ಸೋಡ ಇದ್ದರೆ ಹಾಗಲ್ಲ. ಮೊದಲು ಬುಸ್ಸೆಂದು ನೊರೆ ಏಳುತ್ತದೆ. ಪಾತ್ರೆ ಸಣ್ಣದಾದರೆ ಒಲೆಯೇ ನಂದೀತು. ಕೈಬಿಡದೆ ಕದಡುತ್ತಿದ್ದರೆ ಹಳದಿ ಮುದ್ದೆಗಳು ಒಂದೊಂದೇ ಕಾಣದಾಗುತ್ತವೆ, ಕೊನೆಗೆ ಕಾಫಿಯ ಡಿಕಾಕ್ಷನ್ ಬಣ್ಣದ ತಿಳಿ ದ್ರವ ಉಳಿಯುತ್ತದೆ. ಅದನ್ನು ಡ್ರಮ್ಮಿಗೆ ಸುರಿದು ಒಂದು ಎಳೆ ಅಡಿಕೆಯ ಮೇಲೆ ಚಿಮುಕಿಸಿ ನೋಡಿ. ರಾಳ ಬೀಳುವ ಮೊದಲು ನೀಲಿ ಹನಿಗಳು ಅಡಿಕೆಯ ಮೇಣದ ಮೈಮೇಲೆ ಗುಂಡಗೆ ನಿಂತು ಜಾರಿ ಹೋಗುತ್ತಿದ್ದವು. ಈಗ ಹನಿ ಚಪ್ಪಟೆಯಾಗಿ ಹರಡುತ್ತದೆ, ಒಣಗಿದರೆ ಅಲ್ಲಿಯೇ ಹಿಡಿದು ನಿಲ್ಲುತ್ತದೆ.

ಮೈಸೂರು ಸರ್ಕಾರದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗ ಎಂದೂ ಕರೆಯುವ ಈ ಮಹಾಳಿಯ ಬೆನ್ನು ಹತ್ತಿ, ಬೋರ್ಡೋ ದ್ರಾವಣವನ್ನು ಅಡಿಕೆಯ ಕೊನೆಗೆ ಮುಟ್ಟಿಸಿದವರು. ಅಂದಿನಿಂದ ಮಲೆನಾಡು, ಕರಾವಳಿಗಳ ಬೆಳೆಗಾರರಿಗೆ ತಲೆಮಾರುಗಳಿಂದ ಗೊತ್ತಿರುವ ವಿಷಯವೆಂದರೆ ಮದ್ದು ಎಷ್ಟು ಒಳ್ಳೆಯದಾದರೂ ಮೇಣದ ಮೇಲೆ ನೀರು ನಿಲ್ಲುವುದಿಲ್ಲ. ನೀರನ್ನೂ ಮೇಣವನ್ನೂ ಒಟ್ಟಿಗೆ ಹಿಡಿದುಕೊಳ್ಳುವ ಮೂರನೆಯದೊಂದು ಬೇಕು. ಅದೇ ಊರಿನ, ಅದೇ ಮನೆಯ, ಅದೇ ಯಜಮಾನರ ಹೊಟ್ಟೆಯೊಳಗೂ ಇಂಥದೊಂದು ಮೂರನೆಯದು ದಿನಕ್ಕೆ ಮುಕ್ಕಾಲು ಲೀಟರಿನಷ್ಟು ತಯಾರಾಗುತ್ತಿದೆ ಎಂಬುದು ಮಾತ್ರ ತೋಟದ ಮಾತಿನಲ್ಲಿ ಬರುವುದಿಲ್ಲ.

ಅದನ್ನು ಕಣ್ಣಾರೆ ನೋಡಬೇಕಾದರೆ ಊರ ಕೋಳಿ ಕೊಯ್ಯುವ ಮನೆಯ ಹಿತ್ತಲಿಗೆ ಹೋಗಬೇಕು. ಕೋಳಿಯ ಕರುಳು ಬಿಡಿಸುವಾಗ ಅಕ್ಕ ಮಾತು ನಿಲ್ಲಿಸುತ್ತಾರೆ. ಕೆಂಗಂದು ಬಣ್ಣದ ಪಿತ್ತಜನಕಾಂಗದ, ಅಂದರೆ ಯಕೃತ್ತಿನ, ಅಡಿಗೆ ಅಂಟಿಕೊಂಡ ಕಡುಹಸಿರಿನ ಪುಟ್ಟ ಚೀಲವೇ ಪಿತ್ತಕೋಶ, ಒಳಗಿರುವುದು ಪಿತ್ತ. ಚೂರಿ ತಾಗಿ ಒಡೆದರೆ ಲಿವರೆಲ್ಲ ಕಹಿ, ಸುಕ್ಕ ಮಾಡಿದರೂ ಬಾಯಿಗಿಡಲಾಗದು. ಅವರು ಚೀಲದ ಬದಿಯ ಒಂದಿಷ್ಟು ಮಾಂಸವನ್ನೂ ಸೇರಿಸಿಯೇ ಕತ್ತರಿಸಿ ಬಿಸಾಡುತ್ತಾರೆ. ಬಿಸಾಡುವ ಬದಲು ಒಂದು ಗಾಜಿನ ಲೋಟಕ್ಕೆ ಒಡೆದು ಹಾಕಿ, ನೀರು ಸೇರಿಸಿ, ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟು ಕುಲುಕಬಹುದು. ಆಟಿಯ ತಂಪಿಗೆ ಎಣ್ಣೆ ಬಾಟಲಿಯಲ್ಲಿ ಅರ್ಧ ಗಟ್ಟಿಯಾಗಿರುತ್ತದೆ, ಸ್ವಲ್ಪ ಬಿಸಿ ತಾಗಿಸಿಕೊಂಡರೆ ಆಯಿತು. ಬರಿ ನೀರಿನ ಲೋಟದಲ್ಲಿ ಎಣ್ಣೆ ಕೂಡಲೇ ಮೇಲೆ ಬಂದು ಒಂದಾಗಿ ನಿಲ್ಲುತ್ತದೆ. ಪಿತ್ತ ಬಿದ್ದ ಲೋಟದಲ್ಲಿ ನೊರೆ ಎದ್ದು ನೀರು ಮಬ್ಬಾಗುತ್ತದೆ, ಎಣ್ಣೆಯ ಸಣ್ಣ ಸಣ್ಣ ಹನಿಗಳು ಮತ್ತೆ ಕೂಡಿಕೊಳ್ಳಲು ಹಿಂದೇಟು ಹಾಕುತ್ತವೆ. ಆಟ ಮುಗಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ. ಸಕ್ಕರೆ ಕಾಯಿಲೆಗೆ, ದಮ್ಮಿಗೆ ಒಳ್ಳೆಯದೆಂದು ಮೀನಿನ ಹಸಿ ಪಿತ್ತ ನುಂಗುವವರು ಅಲ್ಲಲ್ಲಿ ಇದ್ದಾರೆ. ರೋಹು, ಕಾಟ್ಲದಂಥ ಗೆಂಡೆ ಜಾತಿಯ ಮೀನುಗಳ ಪಿತ್ತದಲ್ಲಿರುವ ಸಿಪ್ರಿನಾಲ್ ಸಲ್ಫೇಟ್ ಮನುಷ್ಯರ ಮೂತ್ರಪಿಂಡಕ್ಕೆ ನೇರ ವಿಷ. ಅದನ್ನು ನುಂಗಿ ಡಯಾಲಿಸಿಸ್ ತನಕ ಹೋದವರ ಪ್ರಕರಣಗಳು ನಮ್ಮ ದೇಶದ ಆಸ್ಪತ್ರೆಗಳಿಂದಲೇ ವರದಿಯಾಗಿವೆ.

ಎಣ್ಣೆಯನ್ನು ಹನಿಹನಿಯಾಗಿ ಒಡೆಯುವುದು ಪಿತ್ತದ ಸುಲಭದ ಕೆಲಸ. ಕಷ್ಟದ ಕೆಲಸ ಕೊಲೆಸ್ಟ್ರಾಲಿನದು.

ಕೊಲೆಸ್ಟ್ರಾಲ್ ಎಂದರೆ ಈಗ ಬೈಗುಳ. ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಉಂಟೆಂದು ನಂಬಿ ಗಂಜಿಗೆ ಚಟ್ನಿ ಬಿಟ್ಟವರೂ ಇದ್ದಾರೆ. ತೆಂಗಿನಲ್ಲಿ ಇರುವುದು ಬೇರೆ ಕೊಬ್ಬು. ಕೊಲೆಸ್ಟ್ರಾಲ್ ಅಲ್ಲಿ ಇಲ್ಲವೆಂದೇ ಹೇಳಬಹುದು. ನಮ್ಮ ಮೈಯ ಪ್ರತಿ ಜೀವಕೋಶದ ಪೊರೆಗೂ ಬೇಕಾದ ಈ ವಸ್ತುವನ್ನು ಮೈ ತಾನೇ ಮಾಡಿಕೊಳ್ಳುತ್ತದೆ. ತೊಂದರೆ ಇರುವುದು ಹೊರಗೆ ಹಾಕುವುದರಲ್ಲಿ. ನಾಲ್ಕು ಉಂಗುರಗಳನ್ನು ಬೆಸೆದ ಅದರ ಗಟ್ಟಿ ಚೌಕಟ್ಟನ್ನು ಒಡೆದು ಉರಿಸುವ ಶಕ್ತಿ ನಮ್ಮ ಯಾವ ಅಂಗಕ್ಕೂ ಇಲ್ಲ. ಮೂತ್ರದಲ್ಲಿ ಬಿಡೋಣವೆಂದರೆ ನೀರಿಗೆ ಅದು ಬಾರದು: ಒಂದು ಲೀಟರ್ ಶುದ್ಧ ನೀರು ಹೆಚ್ಚೆಂದರೆ 2 ಮಿಲಿಗ್ರಾಂ ಕೊಲೆಸ್ಟ್ರಾಲನ್ನು ಹಿಡಿದುಕೊಳ್ಳಬಲ್ಲದು. ಪಿತ್ತಕೋಶದ ಪಿತ್ತದಲ್ಲಿಯಾದರೋ ಲೀಟರಿಗೆ ಗ್ರಾಂಗಟ್ಟಲೆ ಇದೆ, ಸಾವಿರ ಪಾಲಿಗೂ ಹೆಚ್ಚು. ಹಾಗಿದ್ದೂ ಆ ಹಸಿರು ದ್ರವ ತಿಳಿಯಾಗಿಯೇ ಕಾಣುತ್ತದೆ, ಎಣ್ಣೆ ಕುಲುಕಿದ ಲೋಟದಂತೆ ಮಬ್ಬಾಗುವುದಿಲ್ಲ.

ಫ್ರಾನ್ಸಿನ ಮಿಶೆಲ್ ಶೆವ್ರಲ್ 1815ರ ಸುಮಾರಿಗೆ ಇದೇ ವಸ್ತುವನ್ನು ಪಿತ್ತಗಲ್ಲುಗಳಿಂದ ತೆಗೆದು ಕ್ಷಾರದಲ್ಲಿ ಕುದಿಸಿ ನೋಡಿದ್ದ. ಬೇರೆ ಕೊಬ್ಬುಗಳು ಕ್ಷಾರದಲ್ಲಿ ಕುದಿದರೆ ಸಾಬೂನಾಗುತ್ತವೆ, ಇದು ಆಗಲಿಲ್ಲ. ಕೊಬ್ಬುಗಳ ಸಾಲಿನಿಂದ ಇದನ್ನು ಬೇರೆ ಇಟ್ಟವನೇ ಅವನು. ನಮ್ಮ ಒಲೆಯ ಮೇಲಿನ ರಾಳವನ್ನು ಇಲ್ಲಿ ನೆನೆಯಬೇಕು. ರಾಳದ ಮುಖ್ಯ ವಸ್ತು ಅಬಿಯೆಟಿಕ್ ಆಮ್ಲ. ಮೂರು ಉಂಗುರಗಳ ಚೌಕಟ್ಟು, ಒಂದು ಕಡೆ ಆಮ್ಲದ ಗುಂಪು. ಸೋಡದ ಕ್ಷಾರ ಹಿಡಿಯುವುದು ಆ ಆಮ್ಲದ ಗುಂಪನ್ನೇ. ಹಿಡಿದೊಡನೆ ರಾಳ ಉಪ್ಪಾಗುತ್ತದೆ, ಉಪ್ಪಾದದ್ದು ನೀರಿಗೆ ಬರುತ್ತದೆ. ಕೊಲೆಸ್ಟ್ರಾಲಿನಲ್ಲಿ ಆಮ್ಲದ ಗುಂಪು ಇಲ್ಲ. 27 ಇಂಗಾಲದ ಮೈಗೆ ನೀರಿನ ನಂಟಿರುವ ಗುಂಪು ಒಂದೇ ಒಂದು, ಒಂದು ತುದಿಯಲ್ಲಿ. ಸೋಡಕ್ಕೆ ಹಿಡಿಯಲು ಅಲ್ಲಿ ಏನೂ ಸಿಗುವುದಿಲ್ಲ.

ಯಕೃತ್ತು ಮಾಡುವುದೇನೆಂದರೆ, ಆ ಹಿಡಿಯನ್ನು ತಾನೇ ಜೋಡಿಸುತ್ತದೆ. ಕೊಲೆಸ್ಟ್ರಾಲಿನ ಬಾಲದಿಂದ ಮೂರು ಇಂಗಾಲಗಳನ್ನು ಕತ್ತರಿಸಿ, ಕತ್ತರಿಸಿದ ತುದಿಯಲ್ಲಿ ಆಮ್ಲದ ಗುಂಪು ಇಡುತ್ತದೆ. ಚಪ್ಪಟೆಯಾಗಿದ್ದ ಉಂಗುರಗಳ ಸಾಲನ್ನು ಒಂದು ಕೊನೆಯಲ್ಲಿ ತುಸು ಬಗ್ಗಿಸುತ್ತದೆ. ನೀರನ್ನು ಮೆಚ್ಚುವ ಗುಂಪುಗಳನ್ನು ಮತ್ತೆ ಒಂದೋ ಎರಡೋ ಸೇರಿಸುತ್ತದೆ, ಅವೆಲ್ಲ ಒಂದೇ ಮುಖದ ಮೇಲೆ ಬರುವ ಹಾಗೆ. ಹೀಗೆ ಹುಟ್ಟಿದ್ದು ಕೋಲಿಕ್ ಆಮ್ಲ, ಚೀನೋಡಿಆಕ್ಸಿಕೋಲಿಕ್ ಆಮ್ಲ. ಬಟ್ಟೆ ಸಾಬೂನಿನ ಅಣುವಿಗೆ ನೀರಿನ ಕಡೆಗೊಂದು ತಲೆ, ಎಣ್ಣೆಯ ಕಡೆಗೊಂದು ಉದ್ದ ಬಾಲ. ಪಿತ್ತದ ಅಣುವಿನಲ್ಲಿ ತಲೆ ಬಾಲ ಎಂದು ಸಲೀಸಾಗಿ ವಿಂಗಡಿಸಲಾಗದು. ಅದರ ಒಂದು ಮುಖ ನೀರಿನದು, ಬೆನ್ನು ಕೊಬ್ಬಿನದು. ನೀರಿನಲ್ಲಿ ಇವು ಸಾಕಷ್ಟು ಸೇರಿದಾಗ ಬೆನ್ನಿಗೆ ಬೆನ್ನು ಕೊಟ್ಟು ಸಣ್ಣ ಸಣ್ಣ ಗುಂಪು ಕಟ್ಟುತ್ತವೆ. ಮೈಸೆಲ್ ಎನ್ನುವುದು ಇವಕ್ಕೇ. ಗಾತ್ರ ಕೆಲವೇ ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ನಾಲ್ಕೈದು ಪಾಲು. ಬೆಳಕನ್ನು ಚದುರಿಸಿ ಮಬ್ಬು ಮಾಡುವಷ್ಟು ದೊಡ್ಡವಲ್ಲ. ಪಿತ್ತ ತಿಳಿಯಾಗಿ ಕಾಣುವುದಕ್ಕೆ ಕಾರಣ ಅದೇ.

ಕೊಲೆಸ್ಟ್ರಾಲನ್ನು ನೀರಿನಲ್ಲಿ ಹೊತ್ತು ಸಾಗುವುದು ಕೊಲೆಸ್ಟ್ರಾಲಿನಿಂದಲೇ ಹುಟ್ಟಿದ ಮಗು. ದೇಹದ ರಸಾಯನಶಾಸ್ತ್ರದಲ್ಲಿ ಇಷ್ಟು ಜಾಣತನದ ಏರ್ಪಾಡು ಬಹಳ ಇಲ್ಲವೆಂದು ನನಗನಿಸುತ್ತದೆ.

ರಾಳಕ್ಕೂ ಪಿತ್ತಕ್ಕೂ ಒಂದು ಕಡೆ ದಾರಿ ಬೇರೆಯಾಗುತ್ತದೆ. ರಾಳದ ಸಾಬೂನು ಡ್ರಮ್ಮಿನೊಳಗೆ ಸುಣ್ಣವನ್ನೂ ತಾಮ್ರವನ್ನೂ ಕಂಡೊಡನೆ ಅವುಗಳ ಜೊತೆ ಸೇರಿ ನೀರಿಗೆ ಕರಗದ ಅಂಟಾಗುತ್ತದೆ. ತೋಟಕ್ಕೆ ಬೇಕಾದದ್ದೂ ಅದೇ, ಮಳೆಗೆ ತೊಳೆದು ಹೋಗಬಾರದಲ್ಲ. ಬಾವಿ ನೀರು ಗಡಸಾದಲ್ಲಿ ಸಾಬೂನು ನೊರೆ ಕೊಡದೆ ಗಷ್ಟು ಕಟ್ಟುವುದೂ ಇದೇ ಕಾರಣಕ್ಕೆ. ಕರುಳಿನಲ್ಲಿ ಹೀಗಾದರೆ ಕೆಲಸ ಕೆಟ್ಟಿತು. ಅಲ್ಲಿ ರಾಗಿ, ಹಾಲು, ಮೀನಿನ ಮುಳ್ಳುಗಳಿಂದ ಬಂದ ಸುಣ್ಣದಂಶ ಯಾವಾಗಲೂ ಇರುತ್ತದೆ, ಹೊಟ್ಟೆಯಿಂದ ಇಳಿದ ಹುಳಿಯೂ ಇರುತ್ತದೆ. ಅದಕ್ಕಾಗಿ ಯಕೃತ್ತು ಪಿತ್ತಾಮ್ಲವನ್ನು ಹಾಗೆಯೇ ಕಳಿಸುವುದಿಲ್ಲ. ಗ್ಲೈಸಿನ್ ಇಲ್ಲವೇ ಟಾರಿನ್ ಎಂಬ ಸಣ್ಣ ಅಣುವೊಂದನ್ನು ತುದಿಗೆ ಗಂಟುಹಾಕಿ ಕಳಿಸುತ್ತದೆ. ಆ ಗಂಟಿನ ಬಲದಿಂದ ಅದು ಹುಳಿಗೂ ಸುಣ್ಣಕ್ಕೂ ಸುಲಭಕ್ಕೆ ಬಗ್ಗದೆ ನೀರಿನಲ್ಲೇ ಉಳಿಯುತ್ತದೆ.

ಇಷ್ಟಾದರೂ ಪಿತ್ತದ ಉಪ್ಪು ಒಂದರಿಂದಲೇ ಕೆಲಸ ಪೂರೈಸದು. ಅದರ ಗುಂಪುಗಳು ತೀರ ಸಣ್ಣವು. ಒಂದು ಕೊಲೆಸ್ಟ್ರಾಲ್ ಅಣು ಒಳಗೆ ಕೂರಬೇಕಾದರೆ ಹತ್ತಾರು ಪಿತ್ತಾಣುಗಳು ಬೇಕಾಗುತ್ತವೆ. ಜೊತೆಗೆ ಲೆಸಿಥಿನ್ ಎಂಬ ಕೊಬ್ಬು ಬಂದರೆ ಗುಂಪು ಹಿಗ್ಗುತ್ತದೆ, ಕೊಲೆಸ್ಟ್ರಾಲಿಗೆ ಜಾಗ ಹಲವು ಪಾಲು ಹೆಚ್ಚುತ್ತದೆ. ಲೆಸಿಥಿನ್ ನಮ್ಮ ಸೀಮೆಗೆ ಹೊಸದಲ್ಲ. ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಅಡಿಕೆ ತೋಟದ ನೆರಳಿನಲ್ಲಿ ಬೆಳೆದ ಕೊಕ್ಕೊ ಅಲ್ಲಿಗೆ ಹೋಗುತ್ತದೆ. ಕೊಕ್ಕೊ ಬೆಣ್ಣೆಯಲ್ಲಿ ಸಕ್ಕರೆಯ ಹುಡಿ ಮುದ್ದೆಗಟ್ಟದೆ ಹರಿದಾಡಲು ಚಾಕೊಲೇಟ್ ಮಾಡುವವರು ಬಳಸುವುದು ಲೆಸಿಥಿನ್ನನ್ನೇ. ಅಂಗಡಿಯಲ್ಲಿ ಯಾವುದೇ ಚಾಕೊಲೇಟಿನ ಹೊದಿಕೆ ತಿರುಗಿಸಿ ಓದಿ, ಅದರ ಹೆಸರು ಬಹುಮಟ್ಟಿಗೆ ಸಿಗುತ್ತದೆ. ಪಿತ್ತಕೋಶದ ಪಿತ್ತದಿಂದ ನೀರು ತೆಗೆದರೆ ಉಳಿಯುವ ಗಟ್ಟಿಯಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಪಿತ್ತದ ಉಪ್ಪು, ಐದನೇ ಒಂದು ಪಾಲು ಲೆಸಿಥಿನ್ ಬಗೆಯ ಕೊಬ್ಬು, ಕೊಲೆಸ್ಟ್ರಾಲ್ ನೂರಕ್ಕೆ ನಾಲ್ಕರಷ್ಟು. ಹೊರುವವರು ಇಷ್ಟು ಜನ, ಹೊರೆ ಅಷ್ಟೇ.

ಇಷ್ಟು ಹೊತ್ತು ತಂದ ಪಿತ್ತವನ್ನು ದೇಹ ಚೆಲ್ಲುವುದೂ ಇಲ್ಲ. ನಮ್ಮಲ್ಲಿ ಒಟ್ಟು ಇರುವ ಪಿತ್ತದ ಉಪ್ಪು ಸುಮಾರು 3 ಗ್ರಾಂ, ಒಂದು ಚಮಚೆಗಿಂತ ಕಡಿಮೆ. ಊಟದ ಕೊಬ್ಬು ಕರುಳಿಗೆ ಇಳಿದಾಗ ಪಿತ್ತಕೋಶ ಮುದುಡಿ ಅದನ್ನು ಹೊರಗೆ ಹಾಕುತ್ತದೆ. ಸಣ್ಣ ಕರುಳಿನ ಕೊನೆಯ ತುಂಡು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚನ್ನು ಹೀರಿ ರಕ್ತದ ಮೂಲಕ ಯಕೃತ್ತಿಗೆ ಮರಳಿಸುತ್ತದೆ. ದಿನಕ್ಕೆ ಆರೆಂಟು ಸಲ ಈ ತಿರುಗಾಟ. ಕೈತಪ್ಪಿ ಹೋಗುವುದು ಅರ್ಧ ಗ್ರಾಂ ಆಸುಪಾಸು, ಅಷ್ಟನ್ನು ತುಂಬಿಸಲು ಯಕೃತ್ತು ಮತ್ತೆ ಅಷ್ಟೇ ಕೊಲೆಸ್ಟ್ರಾಲನ್ನು ಪಿತ್ತಾಮ್ಲವಾಗಿ ಬದಲಿಸುತ್ತದೆ. ಕೊಲೆಸ್ಟಿರಮೀನ್ ಎಂಬ ಹಳೆಯ ಮದ್ದು ಮಾಡುವುದು ಇಷ್ಟೇ: ಕರುಳಿನಲ್ಲಿ ಪಿತ್ತದ ಉಪ್ಪನ್ನು ಹಿಡಿದಿಟ್ಟು ಮರಳಿ ಹೋಗದಂತೆ ತಡೆಯುತ್ತದೆ. ಯಕೃತ್ತು ಹೊಸದು ಮಾಡಲು ರಕ್ತದ ಕೊಲೆಸ್ಟ್ರಾಲಿಗೇ ಕೈಹಾಕುತ್ತದೆ.

ಈ ಅಣುಗಳ ಆಕಾರ ಬಿಡಿಸುವುದು ಸುಲಭವಿರಲಿಲ್ಲ. ಪಿತ್ತಾಮ್ಲಗಳ ಕೆಲಸಕ್ಕೆ ಜರ್ಮನಿಯ ಹೈನ್ರಿಕ್ ವೀಲಾಂಡ್ 1927ರ ನೊಬೆಲ್ ಪಡೆದ. ಬಹುಮಾನ ಸಿಕ್ಕಾಗ ಚಾಲ್ತಿಯಲ್ಲಿದ್ದ ಉಂಗುರಗಳ ಚಿತ್ರ ತಪ್ಪಿತ್ತು! 1932ರಲ್ಲಿ ಬರ್ನಾಲ್ ಎಂಬ ವಿಜ್ಞಾನಿ ಎಕ್ಸ್‌ರೇ ಹಾಯಿಸಿ ನೋಡಿದ ಮೇಲೆ ಅದು ಸರಿಯಾಯಿತು. ನಮ್ಮ ಹತ್ತಿರದ ಹೆಸರು ಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಮೈತ್ರ. ಪಿತ್ತಾಮ್ಲಗಳ ಈ ಎರಡು ಮುಖದ ಗುಣವನ್ನೇ ಹಿಡಿದು ದಶಕಗಳ ಕಾಲ ಕೆಲಸ ಮಾಡಿದವರು. ಕೋಲಿಕ್ ಆಮ್ಲದ ಉಪ್ಪಿಗೆ ಟರ್ಬಿಯಮ್ ಎಂಬ ವಿರಳ ಲೋಹ ಸೇರಿಸಿ ಅವರ ತಂಡ ಲೋಳೆಯಂಥ ಜೆಲ್ ಮಾಡಿತು, ಅದನ್ನು ಕಾಗದದ ಬಿಲ್ಲೆಗಳ ಮೇಲೆ ಹರಡಿ ಕಿಣ್ವಗಳನ್ನು ಪತ್ತೆ ಹಚ್ಚುವ ದಾರಿ ತೋರಿಸಿತು. ಹುಡುಕುತ್ತಿರುವ ಕಿಣ್ವ ಇದ್ದರೆ ನೇರಳಾತೀತ ದೀಪದ ಕೆಳಗೆ ಬಿಲ್ಲೆ ಹಸಿರಾಗಿ ಬೆಳಗುತ್ತದೆ.

ಇನ್ನು ಲೆಕ್ಕ ತಪ್ಪಿದಾಗ. ಅಮೆರಿಕದ ಅಡ್ಮಿರಾಂಡ್ ಮತ್ತು ಸ್ಮಾಲ್ 1968ರಲ್ಲಿ ಪಿತ್ತದ ಉಪ್ಪು, ಲೆಸಿಥಿನ್, ಕೊಲೆಸ್ಟ್ರಾಲ್ ಮೂರನ್ನೂ ತ್ರಿಕೋನದ ಮೂರು ಬದಿಗಳಲ್ಲಿ ಗುರುತಿಸಿ, ಯಾವ ಅಳತೆಯಲ್ಲಿ ಬೆರೆತರೆ ಪಿತ್ತ ತಿಳಿಯಾಗಿರುತ್ತದೆ, ಯಾವಾಗ ಹರಳು ಕಟ್ಟುತ್ತದೆ ಎಂದು ಗೆರೆ ಎಳೆದು ತೋರಿಸಿದರು. ಗೆರೆ ದಾಟಿದರೆ ಕೊಲೆಸ್ಟ್ರಾಲ್ ಹೊಳೆಯುವ ಚಪ್ಪಟೆ ಹರಳುಗಳಾಗಿ ಇಳಿಯುತ್ತದೆ. ಪಿತ್ತಕೋಶದ ಲೋಳೆಯಲ್ಲಿ ಅದು ಸಿಕ್ಕಿಬಿದ್ದು ವರ್ಷಗಳಲ್ಲಿ ಕಲ್ಲಾಗುತ್ತದೆ. ಕೊಬ್ಬು ತಿಂದವರಿಗಷ್ಟೇ ಇದು ಬರುವುದೆಂದು ತಿಳಿಯಬೇಡಿ. ದೀರ್ಘ ಉಪವಾಸದಲ್ಲಿ ಪಿತ್ತಕೋಶ ಮುದುಡುವುದಿಲ್ಲ, ಪಿತ್ತದ ಉಪ್ಪು ಅಲ್ಲಿಯೇ ನಿಂತು ತಿರುಗಾಟ ನಿಲ್ಲುತ್ತದೆ. ಯಕೃತ್ತಿನಿಂದ ಹೊಸದಾಗಿ ಇಳಿಯುವ ಪಿತ್ತದಲ್ಲಿ ಹೊರುವವರಿಗಿಂತ ಹೊರೆ ಹೆಚ್ಚು. ಮದುವೆಗೆ ಮೊದಲು ಗಡಿಬಿಡಿಯಲ್ಲಿ ತೂಕ ಇಳಿಸಿದವರಲ್ಲಿಯೂ ಗರ್ಭಿಣಿಯರಲ್ಲಿಯೂ ಕಲ್ಲಿನ ಸಾಧ್ಯತೆ ಏರುತ್ತದೆ.

ಎಲ್ಲ ಕಲ್ಲೂ ಕೊಲೆಸ್ಟ್ರಾಲಿನದಲ್ಲ. ಕೂಸಿನ ನಾಲಿಗೆಗೆ ತೇಯ್ದು ಹಚ್ಚುವ ಗೋರೋಚನ ದನದ ಪಿತ್ತಗಲ್ಲು. ಅದರಲ್ಲಿರುವುದು ಹೆಚ್ಚಾಗಿ ಬಿಲಿರುಬಿನ್ ಎಂಬ ಬಣ್ಣ ಮತ್ತು ಸುಣ್ಣದಂಶ. ದನದ ಪಿತ್ತದಲ್ಲಿ ಕೊಲೆಸ್ಟ್ರಾಲ್ ಬಹಳ ಕಡಿಮೆ. ಮನುಷ್ಯರಲ್ಲಿಯೂ ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಇಂಥ ಬಣ್ಣದ ಕಲ್ಲುಗಳ ಪಾಲು ಹೆಚ್ಚು. ಕಲ್ಲು ಕರಗಿಸುವ ಮಾತ್ರೆಯ ಸುದ್ದಿ ಬಂದಾಗ ಇದನ್ನು ಮರೆಯಬಾರದು. 1972ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಪಿತ್ತಾಮ್ಲವನ್ನೇ ಮಾತ್ರೆ ಮಾಡಿ ಕೊಟ್ಟು ಕಲ್ಲು ಕರಗಿದ್ದನ್ನು ತೋರಿಸಿದ್ದು ನಿಜ. ಈಗ ವೈದ್ಯರು ಬರೆಯುವುದು ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಅದು ಯಕೃತ್ತು ಪಿತ್ತಕ್ಕೆ ಸುರಿಯುವ ಕೊಲೆಸ್ಟ್ರಾಲನ್ನು ತಗ್ಗಿಸಿ ಲೆಕ್ಕವನ್ನು ಮತ್ತೆ ಗೆರೆಯೊಳಗೆ ತರುತ್ತದೆ. ಕರಗುವುದು ಕೊಲೆಸ್ಟ್ರಾಲಿನ ಸಣ್ಣ ಕಲ್ಲು ಮಾತ್ರ, ಅದೂ ತಿಂಗಳುಗಟ್ಟಲೆ ನುಂಗಿದರೆ. ಬಣ್ಣದ ಕಲ್ಲು, ಸುಣ್ಣ ಹಿಡಿದ ಕಲ್ಲು ಅದಕ್ಕೆ ಜಗ್ಗುವುದಿಲ್ಲ. ಕರಗಿದವರಲ್ಲಿಯೂ ಹೆಚ್ಚುಕಡಿಮೆ ಅರ್ಧ ಜನರಿಗೆ ಐದು ವರ್ಷದೊಳಗೆ ಮತ್ತೆ ಬರುತ್ತದೆ.

ಕೊನೆಗೆ ವಾಟ್ಸಾಪಿನ ಮದ್ದು. ಒಂದು ರಾತ್ರಿ ಸೇಬಿನ ರಸ, ಮತ್ತೊಂದು ರಾತ್ರಿ ಲೋಟದ ತುಂಬ ಆಲಿವ್ ಎಣ್ಣೆಗೆ ನಿಂಬೆ ಹಿಂಡಿ ಕುಡಿದರೆ ಬೆಳಗ್ಗೆ ಹಸಿರು ಕಲ್ಲುಗಳು ಬುಳುಬುಳು ಬೀಳುತ್ತವೆಂಬ ಸಂದೇಶ, ಫೋಟೋ ಸಮೇತ, ನಮ್ಮ ಕಡೆಯ ಗುಂಪುಗಳಲ್ಲಿಯೂ ಸುತ್ತುತ್ತಿದೆ. ಬೀಳುವುದು ನಿಜ. 2005ರಲ್ಲಿ ನ್ಯೂಜಿಲೆಂಡಿನ ಇಬ್ಬರು ವೈದ್ಯರು ಒಬ್ಬ ಹೆಂಗಸಿಗೆ ಬಿದ್ದ ಅಂಥ ಹಸಿರು ಉಂಡೆಗಳನ್ನು ಪರೀಕ್ಷಿಸಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಅವುಗಳಲ್ಲಿ ಕೊಲೆಸ್ಟ್ರಾಲ್ ಇರಲಿಲ್ಲ, ಬಿಲಿರುಬಿನ್ನೂ ಇರಲಿಲ್ಲ. 40 ಡಿಗ್ರಿ ಬಿಸಿಗೆ ಹತ್ತು ನಿಮಿಷದಲ್ಲಿ ಕರಗಿ ಹಸಿರು ಎಣ್ಣೆಯಾದವು. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಮುದ್ದೆಗಟ್ಟಿದ ಸಾಬೂನು ಅದು. ಕಲ್ಲು ಇದ್ದಲ್ಲಿಯೇ ಇತ್ತು, ಆ ಹೆಂಗಸಿಗೆ ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಯೇ ತೆಗೆದರು. ನೋವು ಕೊಡದ ಕಲ್ಲಿಗೆ ಅನೇಕರಲ್ಲಿ ಏನೂ ಮಾಡಬೇಕಾಗಿಲ್ಲ. ಬಲ ಪಕ್ಕೆಯ ಕೆಳಗೆ ನೋವು ಬಂದು ಬಿಡದಿದ್ದರೆ, ಜೊತೆಗೆ ಜ್ವರ ಬಂದರೆ ಅಥವಾ ಕಣ್ಣು ಹಳದಿಯಾದರೆ, ಎಣ್ಣೆ ಕುಡಿಯುತ್ತ ಕೂರದೆ ಅದೇ ದಿನ ಪುತ್ತೂರಿಗೋ ಮಂಗಳೂರಿಗೋ ಹೋಗಿ ವೈದ್ಯರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿಕೊಳ್ಳಿ.